ಮುಂಗುಸಿ ನುಂಗಿದ ಜಡೆ

ತಲೆಯ ಮೇಲಿರುವ ಕೂದಲಿಗೆ ಎಷ್ಟು ಮರ್ಯಾದೆಯೋ ಉದುರಿದ ಕೂದಲೆಂದರೆ ಅಷ್ಟೇ ಅಸಹ್ಯ. ಅನ್ನದಲ್ಲಿ ಒಂದೆಳೆ ಸಿಕ್ಕಿದರೆ ಉಣ್ಣುವವರ ಮುಖ ನೋಡಬೇಕು! ಐವತ್ತರ ದಶಕದ ನಮ್ಮ ಬಂಟ್ವಾಳದ ಮನೆಯಲ್ಲಿ ಮಾತ್ರ ಉದುರಿದ ಕೂದಲಿಗೇ ಹೆಚ್ಚಿನ ಉಪಚಾರ. ನನಗೆ ಟೈಫಾಯ್ಡ್ ಬಂದು ಜಡೆ ಇಲಿಬಾಲವಾದ ಮೇಲೆ ಅಮ್ಮ ತನ್ನದು, ಚಿಕ್ಕಮ್ಮನದು, ನನ್ನದು ಎಂದು ಬಾಚಣಿಗೆಗೆ ಬಂದದ್ದನ್ನೆಲ್ಲ ಉಂಡೆ ಮಾಡಿ ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಡುತ್ತಿದ್ದಳು. ನನ್ನ ಜಡೆಗೆ ಸೇರಿಸಲು ಚೌರಿ ಕಟ್ಟಿಸಬೇಕಿತ್ತು. ಮುಂಡಾಜೆಯಿಂದ ಒಂದು ಸಂಬಂಧ ಬಂದಿತ್ತು. "ನಮ್ಮ ಹುಡುಗಿಯ ಜಡೆ ಮೊಣಕಾಲು ಮುಟ್ಟುತ್ತದೆ" ಎಂದು ಅಮ್ಮ ಅವರಿಗೆ ಹೇಳಿಯೂ ಬಿಟ್ಟಿದ್ದಳು. ಮೊಣಕಾಲು ನನ್ನದೇ, ಅಷ್ಟಂತೂ ನಿಜ.

ನೆರೆ ಇಳಿದ ಮೇಲೆ ಮನೆಯೊಳಗೆ ಹಾವು ಸೇರುತ್ತವೆಂದು ಅಪ್ಪ ಒಂದು ಮುಂಗುಸಿಯನ್ನು ಮರಿಯಿಂದಲೇ ಸಾಕಿದ್ದರು. ಹೆಸರು ಕಿಟ್ಟ. ಅವನು ಹಾವು ಹಿಡಿದದ್ದನ್ನು ನಾವ್ಯಾರೂ ಕಾಣಲಿಲ್ಲ. ಆದರೆ ನಾನು ಜ್ವರದಲ್ಲಿ ಹಾಸಿಗೆ ಹಿಡಿದಿದ್ದಾಗ ಕಾಲಬುಡ ಬಿಟ್ಟು ಏಳದಿದ್ದವನು ಅವನೊಬ್ಬನೇ. ನನಗೆ ಅವನೆಂದರೆ ಪ್ರಾಣ. ಒಂದು ಮಧ್ಯಾಹ್ನ ಡಬ್ಬದ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಕೂದಲಿಗೆ ತೆಂಗಿನೆಣ್ಣೆಯ ಘಮ ಬೇರೆ. ಕಿಟ್ಟ ಉಂಡೆಗಳನ್ನು ನುಂಗಿಬಿಟ್ಟ. ಮರುದಿನದಿಂದ ಮೀನನ್ನೂ ಮೂಸಲಿಲ್ಲ. ವಾಂತಿಗೆಂದು ಬಾಯಿ ತೆರೆಯುತ್ತಾನೆ, ಏನೂ ಬರುವುದಿಲ್ಲ. ಹೊಟ್ಟೆ ಮುಟ್ಟಿದರೆ ಕಲ್ಲು. ನಾನು ಅತ್ತುಬಿಟ್ಟೆ.

ದನದ ಡಾಕ್ಟರನ್ನು ಕರೆಸೋಣವೆಂದರೆ ಅವರೇ ಮುಂಡಾಜೆಯ ಹುಡುಗನ ಸೋದರಮಾವ! ಬೇರೆ ಡಾಕ್ಟರು ಬೇಕಾದರೆ ಬೆಳ್ತಂಗಡಿಗೋ ಮೂಡಬಿದಿರೆಗೋ ಹೋಗಬೇಕು. ಕಿಟ್ಟ ಅಲ್ಲಿಯವರೆಗೆ ಉಳಿಯುವಂತಿರಲಿಲ್ಲ. ಕೊನೆಗೆ ಅವರೇ ಬಂದು ಹೊಟ್ಟೆ ಅಮುಕಿ ನೋಡಿದರು.

"ಎಂತದೋ ನುಂಗಿ ಕರುಳು ಕಟ್ಟಿದೆ. ಏನು ತಿಂದದ್ದು?"

"ತೆಂಗಿನ ನಾರು ಇರಬೇಕು ಡಾಕ್ಟ್ರೇ," ಎಂದಳು ಅಮ್ಮ.

"ನಾರಾದರೆ ನಾನು ಎಣ್ಣೆ ಕೊಡುವುದಿಲ್ಲ, ಕರುಳಿಗೆ ಚುಚ್ಚೀತು. ಕೂದಲು ಗೀದಲಾದರೆ ಹರಳೆಣ್ಣೆಗೆ ಜಾರುತ್ತದೆ. ಸರಿ ನೆನಪು ಮಾಡಿ ಹೇಳಿ, ಜೀವದ ವಿಷಯ."

"ನಾರೇ," ಎಂದು ಅಮ್ಮ ನನ್ನ ತೋಳು ಚಿವುಟಿದಳು. ಕಿಟ್ಟ ಮತ್ತೊಮ್ಮೆ ಬಾಯಿ ತೆರೆದ. ನನ್ನಿಂದ ತಡೆಯಲಾಗಲಿಲ್ಲ.

"ಕೂದಲು ಡಾಕ್ಟ್ರೇ. ನನ್ನ ಚೌರಿಗೆ ಇಟ್ಟದ್ದು. ಅಮ್ಮ ಹೇಳಿದ ಜಡೆ ಅದರ ಹೊಟ್ಟೆಯಲ್ಲುಂಟು."

ಡಾಕ್ಟರು ನನ್ನ ತಲೆಯನ್ನು ಒಮ್ಮೆ ನೋಡಿದರು. ನಗಲಿಲ್ಲ. ಹರಳೆಣ್ಣೆ ತರಿಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಮರುದಿನ ಜಡೆ ಹಿತ್ತಿಲಲ್ಲಿ ಬಿತ್ತು. ಕಿಟ್ಟ ಮೀನು ಕೇಳಿದ. ಡಾಕ್ಟರು ಮತ್ತೆ ಬಂದು ನೋಡಿ, "ರೋಮ ಉದುರುವ ಕಾಲದಲ್ಲಿ ದಿನಾ ಇದರ ಮೈ ಬಾಚಿ. ಇಲ್ಲದಿದ್ದರೆ ನೆಕ್ಕಿ ನೆಕ್ಕಿ ತನ್ನದನ್ನೇ ನುಂಗುತ್ತದೆ. ಆಗಾಗ ಅನ್ನಕ್ಕೆ ಎರಡು ಹನಿ ಎಣ್ಣೆ ಹಾಕಿ. ಮತ್ತೆ ಆ ಡಬ್ಬ ಅಟ್ಟದಲ್ಲಿಡಿ ಮಾರಾಯ್ರೆ," ಎಂದು ಹೇಳಿ ಹೋದರು. ನಮ್ಮ ಕಿಟ್ಟನಷ್ಟು ನೀಟಾಗಿ ತಲೆ ಬಾಚಿಸಿಕೊಂಡವರು ಆಮೇಲೆ ನಮ್ಮ ಬೀದಿಯಲ್ಲೇ ಇರಲಿಲ್ಲ.

ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. "ಮುಂಗುಸಿ ಉಳಿಯಿತು, ಸಂಬಂಧ ಹೋಯಿತು," ಎಂದು ಗೋಡೆಗೆ ಹೇಳುತ್ತಿದ್ದಳು. ಆದರೆ ಸಂಬಂಧ ಹೋಗಲಿಲ್ಲ. ಡಾಕ್ಟರು ಮುಂಡಾಜೆಯಲ್ಲಿ, "ಜಡೆ ಇಲ್ಲ. ಆದರೆ ಹುಡುಗಿ ಸುಳ್ಳು ಹೇಳುವವಳಲ್ಲ, ಸಂಬಂಧ ಮಾಡಿಕೊಳ್ಳುವ," ಎಂದರಂತೆ.

ಆ ಒಂದು ಮಾತು ನನ್ನ ಗ್ರಹಚಾರವಾಯಿತು. ಗಂಡನ ಮನೆಯಲ್ಲಿ ಯಾರ ಜಗಳವಿರಲಿ, "ಅವಳನ್ನು ಕೇಳುವ, ಅವಳು ಸುಳ್ಳು ಹೇಳುವುದಿಲ್ಲ," ಎಂದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸುತ್ತಾರೆ. ಅತ್ತೆ ಸಾಂಬಾರು ಬಡಿಸಿ "ಹೇಗುಂಟು?" ಎಂದರೆ ಎಲ್ಲರೂ ಕೈ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಾರೆ. "ಒಳ್ಳೆದುಂಟು ಅತ್ತೆ," ಎನ್ನುತ್ತೇನೆ. ಅವರು ಹಿಗ್ಗುತ್ತಾರೆ. ಇಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ನಾನು ಹೇಳಿದಷ್ಟು ಸುಳ್ಳು ಬೇರೆ ಯಾರೂ ಹೇಳಿರಲಿಕ್ಕಿಲ್ಲ. ಏನು ಮಾಡುವುದು, ಬೇರೆ ಯಾರು ಹೇಳಿದರೂ ಅವರು ನಂಬುವುದಿಲ್ಲವಲ್ಲ!