ಆರು ಡ್ರಮ್ ಕಸ

ಕಸ ಕಳೆದುಹೋಯಿತೆಂದು ಕಣ್ಣಲ್ಲಿ ನೀರು ತಂದುಕೊಂಡವನು ಇಡೀ ಅರಸೀಕೆರೆಯಲ್ಲಿ ಬಹುಶಃ ಮಹಾಂತೇಶನೊಬ್ಬನೇ. ಅದು ಅಂತಿಂಥ ಕಸವೂ ಅಲ್ಲ. ಮಾಲೇಕಲ್ಲಿನ ಕಡೆ ಹೋಗುವ ರಸ್ತೆಯಲ್ಲಿರುವ ಸ್ನಾತಕೋತ್ತರ ಕೇಂದ್ರದ ಆರು ವಿಭಾಗಗಳು ಮೂರು ತಿಂಗಳಲ್ಲಿ ಹುಟ್ಟಿಸಿದ ಒಣ ಕಸ. ವಿಭಾಗಕ್ಕೊಂದು ನೀಲಿ ಡ್ರಮ್ಮು, ಡ್ರಮ್ಮಿಗೊಂದು ಚೀಟಿ, ದಾರ ಕಟ್ಟಿ ನೇತುಹಾಕಿದ ತೂಕದ ಪುಸ್ತಕ. ಎಲ್ಲ ವಿಷಯಗಳ ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಕಲಿಯುವ ‘ಸುಸ್ಥಿರ ಬದುಕು’ ಎಂಬ ಕೋರ್ಸಿಗೆ ಆ ಡ್ರಮ್ಮುಗಳೇ ಪಠ್ಯಪುಸ್ತಕ, ಆ ಕೋರ್ಸಿಗೆ ಮಹಾಂತೇಶ ಗುತ್ತಿಗೆಯ ಉಪನ್ಯಾಸಕ. ಇವತ್ತು ಮಧ್ಯಾಹ್ನ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಡ್ರಮ್ಮುಗಳನ್ನು ಕಣ್ಣಾರೆ ನೋಡಿ ಸೈ ಅಂದರೆ ಇನ್ನೆರಡು ವರ್ಷ ಕೆಲಸ. ಇಲ್ಲದಿದ್ದರೆ ಇಲ್ಲ.

ಬೆಳಿಗ್ಗೆ ಎಂಟಕ್ಕೆ ಬಂದು ನೋಡಿದರೆ, ಹಿಂದಿನ ವರಾಂಡದಲ್ಲಿ ಡ್ರಮ್ಮುಗಳಿದ್ದ ಜಾಗದಲ್ಲಿ ರಂಗೋಲಿ ಇತ್ತು.

ರಂಗೋಲಿಯ ಪಕ್ಕದಲ್ಲಿ ಕಸಗುಡಿಸುವ ಲಲಿತಮ್ಮ ಹೊಸ ಸೀರೆ ಉಟ್ಟು ನಿಂತಿದ್ದರು. “ನಾಕು ಗಂಟೆಗೇ ಬಂದಿವ್ನಿ ಮೇಷ್ಟ್ರೇ. ನಿಮ್ ಕೆಲ್ಸದ್ ಇಸ್ಯ ಅಂತ ಆಫೀಸ್ನಾಗೆ ಮಾತಾಡ್ಕೊಂತಿದ್ರು. ಮೂಲೆ ಮೂಲೆನೂ ತೊಳ್ದಿವ್ನಿ. ಹೆಂಗೈತೆ?”

ಮಹಾಂತೇಶ ಬಾಯಿ ತೆರೆದ. ಊರಿನ ಕಸದ ಗಾಡಿ ಏಳಕ್ಕೇ ಬಂದು ಹೋಗಿರುತ್ತದೆ. ಡ್ರಮ್ಮುಗಳು ಗುಜರಿ ಅಂಗಡಿ ಸೇರಿರುತ್ತವೆ. ಇಷ್ಟೆಲ್ಲ ಅವನ ತಲೆಯಲ್ಲಿ ಓಡಿತು. ಆದರೆ ಎದುರಿಗೆ ಲಲಿತಮ್ಮನ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು. ಅವನು ಈ ಕೇಂದ್ರಕ್ಕೆ ಬಂದ ಮೊದಲ ದಿನ ಊಟ ತಂದಿಲ್ಲವೆಂದು ತಿಳಿದು ತಮ್ಮ ಡಬ್ಬಿಯ ಅವರೆಕಾಳು ಉಪ್ಪಿಟ್ಟಿನಲ್ಲಿ ಅರ್ಧ ಕೊಟ್ಟವರು ಅವರು.

“ತುಂಬಾ ಚೆನ್ನಾಗಿದೆ ಲಲಿತಮ್ಮ,” ಎಂದ. ಅವನ ಧ್ವನಿ ಅವನಿಗೇ ಕೇಳಿಸಲಿಲ್ಲ.

ಸ್ಟಾಫ್ ರೂಮಿನಲ್ಲಿ ವಿಷಯ ತಿಳಿದ ಇತಿಹಾಸದ ಗಂಗಾಧರಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. “ಕರೆದು ಕೇಳೋದಲ್ವೇನಯ್ಯಾ, ಎಲ್ಲಿ ಹಾಕ್ದೆ ಅಂತ?”

“ಬೇಡ ಸಾರ್. ಕೇಳಿದ್ರೆ ತಪ್ಪು ಮಾಡ್ಬಿಟ್ಟೆ ಅಂತ ಅವರಿಗೆ ಗೊತ್ತಾಗ್ಹೋಗುತ್ತೆ, ಅತ್ತುಬಿಡ್ತಾರೆ. ಡೈರೆಕ್ಟರ್ ಕಿವಿಗೆ ಬಿದ್ರೆ ಕೆಲಸದಿಂದ ತೆಗೀತಾರೆ. ಹೋದ ತಿಂಗಳು ಒಂದು ಸೂಕ್ಷ್ಮದರ್ಶಕ ಬೀಳಿಸಿದ್ದಕ್ಕೆ ಅಟೆಂಡರನ್ನ ಮನೆಗೆ ಕಳಿಸಲಿಲ್ವಾ?”

“ಹಾಗಾದ್ರೆ ಕಸ ಮಾಡೋಣ ಬಿಡೋ,” ಎಂದ ರಸಾಯನಶಾಸ್ತ್ರದ ಶಿವಕುಮಾರ್. “ಮನುಷ್ಯ ಅದೊಂದನ್ನ ಮಾತ್ರ ಯಾರ ಹತ್ರಾನೂ ಕಲೀಬೇಕಾಗಿಲ್ಲ.”

ಹೀಗೆ, ಎರಡು ವರ್ಷದಿಂದ ಒಂದೇ ಮೇಜಿಗೆ ಕೂತು ಜಂಟಿ ಸಂಶೋಧನೆ ಮಾಡಿ ಎಂದು ವಿಶ್ವವಿದ್ಯಾಲಯ ಸುತ್ತೋಲೆ ಕಳಿಸುತ್ತಲೇ ಇದ್ದರೂ ಕೂಡದಿದ್ದ ವಿಭಾಗಗಳು ಆ ಬೆಳಿಗ್ಗೆ ಗ್ರಂಥಾಲಯದ ಹಿಂದೆ ನೆಲದ ಮೇಲೆ ಒಟ್ಟಿಗೆ ಕೂತವು. ಶಿವಕುಮಾರ್ ಚಹಾದ ಡಿಕಾಕ್ಷನ್ ಕಾಯಿಸಿ ಹೊಸ ಕಾಗದಕ್ಕೆ ಚಿಮುಕಿಸಿ ಹಳತು ಮಾಡಿದ. ಗಂಗಾಧರಯ್ಯನವರು ಪಂಚೆ ಎತ್ತಿ ಕಟ್ಟಿ ಹಟ ಹಿಡಿದರು: “ಮೂರು ತಿಂಗಳ ಕಸ ಅಂದ್ರೆ ಪದರ ಪದರವಾಗಿರ್ಬೇಕು. ಅಡಿಯಲ್ಲಿ ಹಳೇ ಪೇಪರು, ಮೇಲೆ ನಿನ್ನೇದು. ನೀವು ಎಲ್ಲಾ ಕಲಸಿಬಿಟ್ರೆ ನಾನು ಇತಿಹಾಸದೋನು ಸುಮ್ನಿರಲ್ಲ.” ಮಹಾಂತೇಶ ಕಣ್ಣೊರೆಸಿಕೊಂಡು ಪ್ರಶ್ನೆಪತ್ರಿಕೆ ಹರಿಯುತ್ತ ಕೂತ. ತನಗಾಗಿ ಇಬ್ಬರು ಇಷ್ಟು ಗಲೀಜಾಗುತ್ತಿರುವುದನ್ನು ಕಂಡು ಇನ್ನೂ ಜೋರಾಗಿ ಹರಿದ.

ಒಂದು ರಾಶಿ ಸಿದ್ಧವಾಯಿತು. ತುಂಬಲು ಗೋಣಿಚೀಲ ಹುಡುಕಿ ತರುವಷ್ಟರಲ್ಲಿ ರಾಶಿ ಮಾಯ. ಲಲಿತಮ್ಮ ಗುಡಿಸಿ ಹಾಕಿದ್ದರು.

ಎರಡನೆಯ ರಾಶಿ ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ಹುಟ್ಟಿತು. ಗಂಗಾಧರಯ್ಯನವರು ಜನವರಿ ಮುಗಿಸಿ ಫೆಬ್ರವರಿಯ ಪದರ ಹಾಸುತ್ತಿದ್ದಾಗ ಪೊರಕೆಯ ಸದ್ದು ಕೇಳಿಸಿತು.

“ಅಯ್ಯಯ್ಯೋ! ಓದ್ಕೊಂಡಿರೋರೇ ಹಿಂಗ್ ಮಾಡಿದ್ರೆ ಮಕ್ಳಿಗೇನ್ ಹೇಳಾನ? ಎದ್ದೇಳಿ ದೊಡ್ ಮೇಷ್ಟ್ರೇ, ಆ ಕಡೀಕ್ ಸರ್ಕೊಳಿ,” ಎಂದು ಲಲಿತಮ್ಮ ಫೆಬ್ರವರಿಯನ್ನೂ ಜನವರಿಯನ್ನೂ ಒಂದೇ ಏಟಿಗೆ ಗುಡಿಸಿದರು. ಮೂವತ್ತು ವರ್ಷ ಪಾಠ ಹೇಳಿದ ಗಂಗಾಧರಯ್ಯನವರು ಪಂಚೆ ಕೆಳಗಿಳಿಸಿಕೊಂಡು ತೆಪ್ಪಗೆ ಸರಿದು ನಿಂತರು.

ಮೂರನೆಯದನ್ನು ಶೌಚಾಲಯದ ಚಾವಣಿಯ ಮೇಲೆ ಮಾಡೋಣವೆಂದು ಶಿವಕುಮಾರ್ ಏಣಿ ತರುವ ಹೊತ್ತಿಗೆ ಗೇಟಿನಲ್ಲಿ ಕಾರು ನಿಂತಿತು. ದಾರಿಯಲ್ಲಿ ಹಳೇಬೀಡು ನೋಡಿಕೊಂಡು ಬರುವವರು ಖಂಡಿತ ತಡವಾಗಿ ಬರುತ್ತಾರೆಂದು ಇವರು ನಂಬಿದ್ದರು. ಸಮಿತಿಯ ಅಧ್ಯಕ್ಷ ಪ್ರೊಫೆಸರ್ ದೇವೀರಪ್ಪನವರಿಗೆ ಮಂಡಿನೋವು, ಅಲ್ಲಿ ಕಾರಿನಿಂದ ಇಳಿದೇ ಇರಲಿಲ್ಲವಂತೆ.

ದೇವೀರಪ್ಪನವರು ನೇರವಾಗಿ ಹಿಂದಿನ ವರಾಂಡಕ್ಕೆ ಬಂದರು. “ಎಲ್ರೀ ನಿಮ್ಮ ಕಸ?”

ಡೈರೆಕ್ಟರ್ ಮಹಾಂತೇಶನನ್ನು ದುರುಗುಟ್ಟಿ ನೋಡಿದರು. ಕಂಬದ ಪಕ್ಕದಲ್ಲಿ ಪೊರಕೆಯನ್ನು ಬೆನ್ನ ಹಿಂದೆ ಮರೆಸಿಕೊಂಡು ಲಲಿತಮ್ಮ ನಿಂತಿದ್ದರು. ‘ಆಕೆ ಎಸೆದರು ಸಾರ್’ ಎಂಬ ಮೂರು ಪದ ಸಾಕಿತ್ತು, ಮಹಾಂತೇಶನಿಗೆ ಇನ್ನೊಂದು ದಿನಾಂಕವಾದರೂ ಸಿಗುತ್ತಿತ್ತು. ಆ ಮೂರು ಪದ ಅವನ ಬಾಯಿಂದ ಹೊರಡಲಿಲ್ಲ.

“ಕಸ... ಇಲ್ಲ ಸಾರ್.”

“ಇಲ್ಲ ಅಂದ್ರೆ?”

“ಒಂದ್ ಚೂರೂ ಇಲ್ಲ ಸಾ!” ಲಲಿತಮ್ಮನಿಗೆ ತಡೆಯಲಾಗಲಿಲ್ಲ. “ಎಲ್ ಬೇಕಾದ್ರೂ ನೋಡಿ.”

ದೇವೀರಪ್ಪನವರು ನೋಡಿದರು. ತರಗತಿ, ಪ್ರಯೋಗಾಲಯ, ಕ್ಯಾಂಟೀನು, ಕೊನೆಗೆ ಮಂಡಿನೋವನ್ನೂ ಮರೆತು ಬೆಂಚಿನ ಅಡಿಯನ್ನೂ ಬಗ್ಗಿ ನೋಡಿದರು. ಎದ್ದಾಗ ಅವರ ಕಣ್ಣು ತೇವವಾಗಿತ್ತು. “ದೇಶದ ಎಷ್ಟೋ ವಿಶ್ವವಿದ್ಯಾಲಯ ಸುತ್ತಿದೀನಿ. ಕಸ ತೂಗೋರನ್ನ ಕಂಡಿದೀನಿ. ಕಸಾನೇ ಹುಟ್ಟದ ಹಾಗೆ ಮಾಡಿದೋರನ್ನ ಕಂಡಿರ್ಲಿಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಡೈರೆಕ್ಟರ್ ತಾವೇ ಓಡಿ ಶಾಲು ತಂದು ಮಹಾಂತೇಶನಿಗೆ ಹೊದಿಸಿದರು. ದೇವೀರಪ್ಪನವರು ಅಲ್ಲೇ ಕೂತು ವರದಿ ಬರೆದು ಗಟ್ಟಿಯಾಗಿ ಓದಿದರು: “ಗುರಿ ಸಂಪೂರ್ಣವಾಗಿ ಈಡೇರಿದೆ. ಈಡೇರಿದ ಮೇಲೂ ಯೋಜನೆ ಮುಂದುವರಿಸುವುದು ಸಂಪನ್ಮೂಲದ ವ್ಯರ್ಥ. ಸುಸ್ಥಿರತೆಯ ತತ್ವಕ್ಕೇ ವಿರುದ್ಧ. ಆದ್ದರಿಂದ ಯೋಜನೆಯನ್ನು ಅಭಿನಂದನೆಗಳೊಂದಿಗೆ ಇಂದಿಗೇ ಮುಕ್ತಾಯಗೊಳಿಸಲಾಗಿದೆ.”

ಶಾಲು ಹೊದ್ದುಕೊಂಡೇ ಮಹಾಂತೇಶ ಕೆಲಸ ಕಳೆದುಕೊಂಡ. ಲಲಿತಮ್ಮನಿಗೆ ವರದಿಯ ಭಾಷೆ ತಿಳಿಯಲಿಲ್ಲ, ಶಾಲು ಮಾತ್ರ ತಿಳಿಯಿತು. ಅವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅದನ್ನು ನೋಡಿದ ಮಹಾಂತೇಶನಿಗೆ, ಕೆಲಸ ಹೋದರೂ ಹೋಗಲಿ, ಈಕೆಯದು ಉಳಿಯಿತಲ್ಲ ಎಂದು ನಿಜವಾಗಿಯೂ ಸಮಾಧಾನವಾಯಿತು.

ಸಂಜೆ ಲಲಿತಮ್ಮ ಬಿಡದೆ ಅವನನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. “ಬನ್ನಿ ಮೇಷ್ಟ್ರೇ, ಪಾಯ್ಸ ಮಾಡ್ಸಿವ್ನಿ.” ಕೇಂದ್ರದ ಕಾಂಪೌಂಡಿನ ಆಚೆ ಅವರದು ಒಂದೇ ಕೋಣೆಯ ಮನೆ. ಮಗಳು, ಅಳಿಯ, ಪಾತ್ರೆ, ಒಲೆ, ಎಲ್ಲ ಅಂಗಳದಲ್ಲಿದ್ದವು. ಯಾಕೆಂದು ಒಳಗೆ ಇಣುಕಿದರೆ ಕೋಣೆಯ ತುಂಬ ಆರು ನೀಲಿ ಡ್ರಮ್ಮುಗಳು ಕೂತಿದ್ದವು. ಚೀಟಿ ಕಿತ್ತಿರಲಿಲ್ಲ, ಪುಸ್ತಕ ದಾರದಲ್ಲೇ ನೇತಾಡುತ್ತಿತ್ತು.

“ದೊಡ್ಡೋರ ಕಣ್ಣಿಗ್ ಬಿದ್ರೆ ನಿಮ್ ಮರ್ಯಾದೆ ಏನಾದಾತು ಅಂತ ಅಳಿಯನ ಆಟೋದಾಗೆ ಸಾಗಿಸ್ದೆ,” ಎಂದರು ಲಲಿತಮ್ಮ. “ಎಸ್ಯಾಕೆ ಮನ್ಸು ಬರ್ಲಿಲ್ಲ. ದಿನಾ ಮಗು ತೂಗ್ದಂಗೆ ತೂಗ್ತಿದ್ರಲ್ಲ ನೀವು. ಬೆಳಗ್ಗಿಂದ ಒಂದ್ ಮಾತಾದ್ರೂ ಕೇಳಿದ್ರೆ ಹೇಳ್ತಿದ್ದೆ. ಕೇಳ್ನೇ ಇಲ್ಲ ನೀವು!”

ಮಹಾಂತೇಶ ಹೊಸ್ತಿಲ ಮೇಲೆ ಕೂತುಬಿಟ್ಟ. ಈಗ ಡ್ರಮ್ಮು ಹೊರತೆಗೆದರೆ ಅವನು ಸುಳ್ಳುಗಾರನಾಗುತ್ತಾನೆ, ಅವರು ಕಳ್ಳರಾಗುತ್ತಾರೆ. ಅವನಿಗೆ ಅಳುವೂ ಬಂತು, ನಗುವೂ ಬಂತು. ಪಾಯಸ ಬಿಸಿಯಿದ್ದದ್ದರಿಂದ ಕಣ್ಣೀರಿಗೆ ಒಂದು ನೆಪವಾದರೂ ಸಿಕ್ಕಿತು.

“ನಾಳೆ ಎಷ್ಟ್ ಗಂಟೆಗೆ ತಂದಿಡಾನ ಮೇಷ್ಟ್ರೇ? ನೀವು ಬರಾದ್ರೊಳ್ಗೇ ಇರ್ಬೇಕಲ್ವಾ?”

ಅವನು ಲೋಟ ಕೆಳಗಿಟ್ಟ. “ನಿಧಾನವಾಗಿ ತನ್ನಿ ಲಲಿತಮ್ಮ. ನಾಳೆ ನಾನು ಸ್ವಲ್ಪ ತಡವಾಗಿ ಬರ್ತೀನಿ.”