ಒಂದು ಅಕ್ಕಿಕಾಳಿನ ಸಂದು

ಉಳಿಯಜ್ಜ ಎಂದು ಹೆಸರಾಗಿದ್ದ, ನಮ್ಮ ಬಡಗಿ ಮೇಸ್ತ್ರಿಗಳ ಮುತ್ತಜ್ಜ ಒಂದೇ ಒಂದು ಮೊಳೆ ಹೊಡೆಯದೆ ಕಣಜದ ಮನೆಗೆ ಬಾಗಿಲು ಮಾಡಿದ್ದ. ಒಂದು ವರ್ಷ ನೆರೆ ಬಂದು ನಾಲ್ಕೂ ಗೋಡೆ ಕೊಚ್ಚಿಕೊಂಡು ಹೋದವು. ಬಾಗಿಲು ಮಾತ್ರ ನಿಂತಲ್ಲೇ ನಿಂತಿತ್ತು. ಸುತ್ತ ಬಟಾಬಯಲಾಗಿದ್ದರೂ ಜನ ಮರ್ಯಾದೆಗೆಂದು ಬಾಗಿಲು ತೆರೆದೇ ಒಳಗೆ ಹೋಗುತ್ತಿದ್ದರಂತೆ. ಅವನ ಮಗ ಗೂಟದಜ್ಜ. ಅವನು ಮಾಡಿದ ಕಿಟಕಿಯನ್ನು ಕೀಳಲು ಬಂದ ಕಳ್ಳನೊಬ್ಬ ಸೋತು ಸುಣ್ಣವಾಗಿ, ಬೆಳಗಾದ ಮೇಲೆ ಅದೇ ಮನೆಯ ಮುಂದೆ ನಿಂತು ‘ಇದನ್ನ ಮಾಡಿದ್ದು ಯಾರು’ ಎಂದು ವಿಚಾರಿಸಿ, ಹೋಗಿ ಶಿಷ್ಯನಾಗಿ ಸೇರಿದ. ಗೂಟದಜ್ಜನ ಮಗ, ಅಂದರೆ ನಮ್ಮ ಮೇಸ್ತ್ರಿಗಳ ತಂದೆ, ಹಲಗೆಯ ಇನ್ನೊಂದು ತುದಿ ಹಿಡಿಯಿರಿ ಎಂದು ಜನ್ಮದಲ್ಲಿ ಯಾರನ್ನೂ ಕೇಳಿದವನಲ್ಲ. ಐವತ್ತಕ್ಕೇ ಸೊಂಟ ಬಾಗಿತು, ಮಾತು ಬಾಗಲಿಲ್ಲ.

(ಇದಕ್ಕೆಲ್ಲ ಸಾಕ್ಷಿ ಯಾರು ಎಂದು ಕೇಳಬಾರದು. ಹೇಳುವವರು ಮೇಸ್ತ್ರಿಗಳು, ಕೇಳುವವರು ಅವರ ಹೆಂಡತಿ. ನಲವತ್ತೆರಡು ವರ್ಷಗಳಿಂದ ಕೇಳುತ್ತಿದ್ದಾರೆ.)

ಈ ಮೂವರೂ ಬಿಟ್ಟು ಹೋದ ಆಸ್ತಿ ಒಂದೇ ಒಂದು ನಿಯಮ. ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಸಂದು ಬಿಡಬೇಕು. ಮರ ಉಸಿರಾಡುತ್ತದೆ, ಮಳೆಗಾಲದಲ್ಲಿ ಊದಿಕೊಂಡು ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಸ್ತ್ರಿಗಳ ಅಂಗಿಯ ಜೇಬಿನಲ್ಲಿ ಅಳತೆಗೆಂದು ಒಂದು ಅಕ್ಕಿಕಾಳು ಸದಾ ಇರುತ್ತಿತ್ತು. ಊರೆಲ್ಲ ಅವರನ್ನು ಅಕ್ಕಿಕಾಳು ಮೇಸ್ತ್ರಿ ಎನ್ನುತ್ತಿದ್ದುದು ಅದಕ್ಕೇ.

ಈ ವರ್ಷ ಅವರ ಸ್ವಂತ ಮನೆಯ ಕಿಟಕಿ ಬಾಗಿಲುಗಳಿಗೇ ಗೆದ್ದಲು ಹಿಡಿಯಿತು. ಎರಡು ಬೀದಿ ಆಚೆ ಇರುವ ಅಳಿಯ ಕಿಟಕಿ ಮಾಡುವ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದಾನೆ. ಬಿಳೀ ಪ್ಲಾಸ್ಟಿಕ್ಕಿನ ಹೊಸ ಕಿಟಕಿ ಬಾಗಿಲುಗಳನ್ನು ತಂದಿಳಿಸಿ, “ಮಾವ, ನಮ್ಮ ಹುಡುಗರು ಬಂದು ಕೂರಿಸಿ ಹೋಗ್ತಾರೆ,” ಎಂದ.

“ಉಳಿಯಜ್ಜನ ಮರಿಮೊಮ್ಮಗನ ಮನೆಗೆ ಹೊರಗಿನವರು ಬಂದು ಬಾಗಿಲು ಕೂರಿಸ್ತಾರಾ?” ಎಂದರು ಮೇಸ್ತ್ರಿಗಳು. ಅಳಿಯ ಚಹಾ ಕುಡಿದು ಎದ್ದುಹೋದ.

ನಾಲ್ಕು ದಿನ ಒಬ್ಬರೇ ಕೂತು, ನಿಂತು, ಮೊಣಕಾಲೂರಿ ಕೆಲಸ ಮುಗಿಸಿದರು. ಒಂದೊಂದು ಚೌಕಟ್ಟಿನ ಸುತ್ತಲೂ ಅಕ್ಕಿಕಾಳನ್ನು ಓಡಿಸಿ ಸಂದು ಬಿಟ್ಟರು. ಮಳೆಗಾಲ ಬಂತು. ಕಿಟಕಿ ಊದಲಿಲ್ಲ. ಮೇಸ್ತ್ರಿಗಳು ಕಾದರು. ಹೊಸದಲ್ಲವೇ, ನಾಚಿಕೆ ಇರಬಹುದು ಎಂದುಕೊಂಡು ಒಂದು ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು ಎರಚಿದರು. ಹೆಂಡತಿ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ.

“ರೀ, ಕಿಟಕಿಗೆ ನೀರು ಹಾಕ್ತಾ ಇದ್ದೀರಾ?”

“ಒರೆಸ್ತಾ ಇದ್ದೀನಿ.”

“ಚಿಗುರಿದ ಮೇಲೆ ಹೇಳಿ. ಗೊಬ್ಬರ ತರ್ತೀನಿ.”

ಮಳೆ ಹೋಗಿ ಚಳಿಗಾಳಿ ಶುರುವಾದಾಗ ಮಲಗುವ ಕೋಣೆ ತನ್ನನ್ನು ತಾನೇ ಊದಿಕೊಳ್ಳುವ ಕೊಳಲಿನಂತಾಯಿತು. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಒಂದೇ ಬಾಗಿಲು. ಎರಡೂ ನೇರ ಅಂಗಳಕ್ಕೆ. ಮೇಜಿನ ಮೇಲಿಟ್ಟ ದಿನಪತ್ರಿಕೆ ತನ್ನ ಹಾಳೆಯನ್ನು ತಾನೇ ಮಗುಚಿಕೊಂಡು ಓದಿಕೊಳ್ಳುತ್ತಿತ್ತು. ಹೆಂಡತಿ ಮೊದಲು ಕಿವಿಗೆ ಹತ್ತಿ ಇಟ್ಟರು, ಆಮೇಲೆ ಟವೆಲ್ ಸುತ್ತಿದರು. ಕೊನೆಗೆ ಡಾಕ್ಟರರು, ಗಾಳಿಗೆ ಒಡ್ಡಿಕೊಂಡರೆ ಈ ಕಿವಿನೋವು ಹೋಗುವುದಿಲ್ಲ ಎಂದುಬಿಟ್ಟರು.

ಆಕೆ ಜಗಳವಾಡಲಿಲ್ಲ. ಅಟ್ಟದಿಂದ ಬ್ಯಾಗು ಇಳಿಸಿ ಧೂಳು ಕೊಡವಿದರು.

“ಭಾನುವಾರ ಮಗಳ ಮನೆಗೆ ಹೋಗ್ತೀನಿ. ಬೇಸಿಗೆ ಬರೋವರೆಗೂ ಅಲ್ಲೇ.”

“ಕೋಪಾನಾ?”

“ನಿಮ್ಮ ಮೇಲೆ ಯಾಕೆ ಕೋಪ? ಆದರೆ ಅದು ನಿಮ್ಮ ವಂಶದ ಗಾಳಿ ಅಂತ ನನ್ನ ಕಿವಿಗೆ ಗೊತ್ತಾಗಲ್ಲ ನೋಡಿ.”

ಮೇಸ್ತ್ರಿಗಳು ಅಂಗಳದ ಕಟ್ಟೆಯ ಮೇಲೆ ಹೋಗಿ ಕೂತರು. ಮಗಳ ಹೆರಿಗೆಯ ಹದಿನೈದು ದಿನ ಬಿಟ್ಟರೆ ಆಕೆ ಬೇರೆ ಕಡೆ ಮಲಗಿದವರೇ ಅಲ್ಲ. ಆ ಹದಿನೈದು ದಿನ ತಾನು ಏನು ಮಾಡಿದೆ ಎಂದು ನೆನೆಸಿಕೊಂಡರು. ಗೋಡೆಯ ಎದುರು ಕೂತು ಉಳಿಯಜ್ಜನ ಬಾಗಿಲಿನ ಕಥೆಯನ್ನು ಅರ್ಧ ಹೇಳಿ ನಿಲ್ಲಿಸಿದ್ದು ನೆನಪಾಯಿತು. ಅರ್ಧದಲ್ಲಿ ‘ಆಮೇಲೆ ಜನ ಏನು ಮಾಡಿದ್ರಂತೆ’ ಎಂದು ಕೇಳಬೇಕಾದವರು ಇರಲಿಲ್ಲ. ಎಲ್ಲ ಗೊತ್ತಿದ್ದೂ ಆಕೆ ಪ್ರತಿ ಸಲವೂ ಅದನ್ನು ಕೇಳುತ್ತಿದ್ದರು. ಅದೂ ಒಂದು ಕೆಲಸ, ನಾಜೂಕಿನ ಕೆಲಸ ಎಂದು ಮೇಸ್ತ್ರಿಗಳಿಗೆ ಈಗ ಹೊಳೆಯಿತು.

ಶುಕ್ರವಾರ ಮೋಂಬತ್ತಿ ಹಚ್ಚಿಕೊಂಡು ಗಾಳಿಯ ಬೇಟೆಗೆ ಹೊರಟರು. ಜ್ವಾಲೆ ಬಾಗಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಗಾಳಿ ಬಾರದ ಜಾಗಕ್ಕೆ ಗುರುತು ಹಾಕಿದ್ದರೆ ಸೀಮೆಸುಣ್ಣವಾದರೂ ಉಳಿಯುತ್ತಿತ್ತು. ಹಳೇ ಪಂಚೆಯನ್ನು ಹರಿದು ತುರುಕಿದರು. ಗಾಳಿ ಅದನ್ನು ಒಂದೊಂದೇ ಎಳೆಯಾಗಿ ಹೊರಗೆ ತಳ್ಳಿತು. ಕಾಗದ ತುರುಕಿದರು, ಕೊಳಲು ಹೋಗಿ ತಮಟೆಯಾಯಿತು.

“ಅಳಿಯಂದಿರಿಗೆ ಒಂದು ಮಾತು ಹೇಳಲಾ?” ಎಂದು ಹೆಂಡತಿ ಕೇಳಿದರು.

“ಹೇಳು. ನಾನು ಸತ್ತ ಮೇಲೆ ಹೇಳು.”

“ಆಗ ನನಗೆ ಕಿವಿನೋವು ಇರಲ್ಲ ಬಿಡಿ.”

ಶನಿವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯವನು ನೊರೆ ಉಗುಳುವ ಒಂದು ಡಬ್ಬಿ ಕೊಟ್ಟ. ಒತ್ತಿದರೆ ಹಾಲು ಉಕ್ಕಿದಂತೆ ನೊರೆ ಬಂದು, ಸಂದಿಗೆ ಹೊಕ್ಕು, ಕಲ್ಲಾಗುತ್ತದೆ.

“ಅಜ್ಜಾ, ಅರ್ಧಕ್ಕೆ ನಿಲ್ಲಿಸಿ. ಆಮೇಲೆ ಅದೇ ಊದುತ್ತೆ. ಚೌಕಟ್ಟು ಬಾಗದ ಹಾಗೆ ನಡುವೆ ಅಡ್ಡ ಕೋಲು ಕೊಡಿ,” ಎಂದ.

ಮೇಸ್ತ್ರಿಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಊದೋದರ ವಿಷಯ ನಮ್ಮ ಮನೆತನಕ್ಕೆ ಹೇಳಿಕೊಡ್ತೀಯೇನಪ್ಪಾ?”

ಮಧ್ಯಾಹ್ನ ಊಟವಾದದ್ದೇ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗಾಳಿ ಅಡ್ಡ ಬಂದು ಕೆಲಸ ಕೆಡಿಸಬಾರದೆಂದು ಕಿಟಕಿಯನ್ನೂ ಮುಚ್ಚಿದರು. ನೊರೆಯೂ ಆ ಊದದ ಪ್ಲಾಸ್ಟಿಕ್ಕಿನ ಜಾತಿಯೇ ಎಂದು ಬಗೆದು, ‘ಇದೆಲ್ಲಿ ಊದುತ್ತೆ’ ಎಂದುಕೊಂಡು ಸಂದುಗಳನ್ನು ಅಂಚಿನವರೆಗೂ ಭರ್ತಿ ಮಾಡಿದರು. ಡಬ್ಬಿಯಲ್ಲಿ ಉಳಿದದ್ದನ್ನೂ ದಾಕ್ಷಿಣ್ಯವಿಲ್ಲದೆ ಸುರಿದರು. ಅಡ್ಡ ಕೋಲು ಕೊಡಲಿಲ್ಲ. ಎರಡು ದಿನದ ದಣಿವು, ನಾಲ್ಕು ತಿಂಗಳ ಅವಮಾನ. ಮಂಚದ ಮೇಲೆ ಒರಗಿದವರಿಗೆ ಜೊಂಪು ಹತ್ತಿತು.

ಎದ್ದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಕೋಣೆಯಲ್ಲಿ ಎಂಥ ಮೌನ. ಮೋಂಬತ್ತಿ ಹಚ್ಚಿ ಕಿಟಕಿಯ ಬಳಿ ಹಿಡಿದರು. ಬಾಗಿಲ ಬಳಿ ಹಿಡಿದರು. ಜ್ವಾಲೆ ಮೇಷ್ಟ್ರ ಮುಂದೆ ನಿಂತ ಹುಡುಗನಂತೆ ನೆಟ್ಟಗೆ ನಿಂತಿತ್ತು. ಮೇಸ್ತ್ರಿಗಳ ಕಣ್ಣು ಒದ್ದೆಯಾಯಿತು. ಹೆಂಡತಿಯನ್ನು ಕರೆದು ತೋರಿಸಬೇಕೆಂದು ಬಾಗಿಲು ಎಳೆದರು.

ಬಾಗಿಲು ಅಲ್ಲಾಡಲಿಲ್ಲ.

ನೊರೆ ಊದಿತ್ತು. ಮೂರು ತಲೆಮಾರಿನ ಯಾವ ಮರವೂ ಊದದಷ್ಟು ಊದಿ, ಚೌಕಟ್ಟನ್ನು ಎರಡೂ ಕಡೆಯಿಂದ ಒಳಕ್ಕೆ ಒತ್ತಿ, ಬಾಗಿಲನ್ನು ಅಪ್ಪಿ ಹಿಡಿದಿತ್ತು. ಕಿಟಕಿಯದೂ ಅದೇ ಗತಿ. ಉಳಿ, ಸುತ್ತಿಗೆ, ಗರಗಸ ಎಲ್ಲ ಅಂಗಳದ ಕಟ್ಟೆಯ ಮೇಲೆ, ಗಾಜಿನಾಚೆ, ಅಚ್ಚುಕಟ್ಟಾಗಿ ಜೋಡಿಸಿದ್ದು ಕಾಣುತ್ತಿತ್ತು. ಜೇಬಿಗೆ ಕೈ ಹಾಕಿದರು. ಅಕ್ಕಿಕಾಳು ಇತ್ತು.

ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. ಊದದೇ ಇರುವುದಕ್ಕೆ ಜಾಗ ಬಿಟ್ಟೆ, ಊದುವುದಕ್ಕೆ ಬಿಡಲಿಲ್ಲ. ಉಳಿಯಜ್ಜ ಹೇಳಿದ್ದು ಅಕ್ಕಿಕಾಳಿನ ಮಾತಲ್ಲ. ಎದುರಿಗಿರುವುದು ಎಂಥದ್ದು ಎಂದು ಕೇಳಿ ತಿಳಿದುಕೋ ಎಂದಿದ್ದ. ಅಂಗಡಿಯವನ ಮಾತು ಕೇಳಬಹುದಿತ್ತು. ಅಳಿಯನನ್ನು ಕೇಳಬಹುದಿತ್ತು. ಕೇಳುವ ಕೆಲಸವನ್ನೆಲ್ಲ ಹೆಂಡತಿಗೇ ಬಿಟ್ಟು ಕೂತಿದ್ದಾಯಿತು.

ಗಾಜು ತಟ್ಟಿದರು. ಹೆಂಡತಿ ಬಂದು ಏನೋ ಹೇಳಿದರು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಅಷ್ಟು ಚೆನ್ನಾಗಿ ಮುಚ್ಚಿತ್ತು. ಕೊನೆಗೆ ಗಾಜಿಗೆ ಬಾಯಿ ಹಚ್ಚಿ ಕೂಗಿದಾಗ ಕೇಳಿಸಿತು.

“ಗಾಳಿ ನಿಂತಿತಾ?”

“ಪೂರ್ತಿ. ಬಂದು ನೋಡು.”

“ಎಲ್ಲಿಂದ ಬರಲಿ?”

ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಫೋನು ಮಾಡಿದರು. ಅಳಿಯ ಸೈಕಲ್ ತುಳಿದುಕೊಂಡು ಬಂದ. ನಗಲಿಲ್ಲ, ಒಳ್ಳೆಯವನು. ಉದ್ದ ಅಲಗಿನ ಚಾಕುವನ್ನು ಗಾಜಿನ ಮುಂದೆ ಹಿಡಿದು ಕೂಗಿದ.

“ಮಾವ, ಹೊರಗಿನಿಂದ ನೊರೆ ಕೊಯ್ದರೆ ಚೌಕಟ್ಟು ಸಡಿಲ ಆಗುತ್ತೆ. ಎರಡು ನಿಮಿಷದ ಕೆಲಸ. ಕೊಯ್ಯಲಾ?”

“ಕೊಯ್ದರೆ ಮತ್ತೆ ಗಾಳಿ ಬರುತ್ತೆ.”

“ಬಂದರೆ ಬರಲಿ, ಆಮೇಲೆ ಸರಿಯಾಗಿ ತುಂಬೋಣ.”

“ರೀ, ಹಟ ಸಾಕು,” ಎಂದರು ಹೆಂಡತಿ. ಕೈಯಲ್ಲಿ ಆ ಬ್ಯಾಗು ಇತ್ತು.

ಮೇಸ್ತ್ರಿಗಳು ಬ್ಯಾಗನ್ನು ನೋಡಿದರು, ಚಾಕುವನ್ನು ನೋಡಿದರು. ಮೋಂಬತ್ತಿ ಇನ್ನೂ ನೆಟ್ಟಗೆ ಉರಿಯುತ್ತಿತ್ತು. ಗಾಜಿಗೆ ಬಾಯಿ ಹಚ್ಚಿದರು.

“ಬೇಡಪ್ಪಾ, ಚಾಕು ಒಳಗಿಡು. ಊದಿದ್ದು ಬೇಸಿಗೆಯಲ್ಲಿ ಕುಗ್ಗಲೇಬೇಕು, ಅಲ್ಲಿವರೆಗೂ ನಾನು ಇಲ್ಲೇ ಕೂತಿರ್ತೀನಿ. ನಿಮ್ಮತ್ತೆಗೆ ಮಾತ್ರ ಬ್ಯಾಗು ಬಿಚ್ಚೋಕೆ ಹೇಳು, ಈ ಕೋಣೇಲಿ ಈಗ ಒಂದು ಚೂರೂ ಗಾಳಿ ಇಲ್ಲ. ಬಾಗಿಲು ನಾನು ನೋಡ್ಕೋತೀನಿ. ಯಾರೂ ಕೈ ಹಾಕಬೇಡಿ.”