ಪೊಮೇಡು ಹಚ್ಚಿಕೊಂಡು ಹತ್ತರಗಿಗೆ

ಒದೆಯುವ ಎತ್ತನ್ನು ಹೇಗೆ ನಿಲ್ಲಿಸಬೇಕು, ಹಾಯುವ ಹೋರಿಗೆ ಎಲ್ಲಿ ಸೂಜಿ ಚುಚ್ಚಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ಕಲಿಸಿ, ಕೈಗೊಂದು ಪದವಿ ಕೊಟ್ಟು ನನ್ನನ್ನು ಅಂಕಲಗಿಯ ಕಡೆಗೆ ಕಳಿಸಿದರು. ಸ್ವಂತ ತಲೆಯ ಕೂದಲನ್ನು ಮಲಗಿಸುವ ಪಾಠ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ದನದ ಡಾಕ್ಟರಿಗೆ ಅದೇಕೆ ಬೇಕು ಎಂದು ಪಠ್ಯ ಬರೆದ ಮಹನೀಯರು ತಿಳಿದಿರಬೇಕು. ಅವರಿಗೆಲ್ಲ ಮದುವೆಯಾಗಿತ್ತು, ಅವರಿಗೇನು! ನನ್ನ ಕೂದಲೋ ಜೋಳ ಕೊಯ್ದ ಹೊಲದ ಹಾಗೆ ಸದಾ ನೆಟ್ಟಗೆ ನಿಂತಿರುತ್ತದೆ. ಎಣ್ಣೆ ಹಚ್ಚಿದರೆ ಎಣ್ಣೆ ಹಚ್ಚಿಕೊಂಡು ನಿಲ್ಲುತ್ತದೆ. ನೀರು ಹಚ್ಚಿದರೆ ನೀರು ಕುಡಿದು ಇನ್ನಷ್ಟು ಉತ್ಸಾಹದಿಂದ ನಿಲ್ಲುತ್ತದೆ.

ಇದೇ ಕೂದಲಿನ ದೆಸೆಯಿಂದ ಎರಡು ಸಂಬಂಧಗಳು ತಪ್ಪಿದ್ದವು. ಸರ್ಕಾರಿ ನೌಕರಿ, ಗೋಕಾಕದಲ್ಲಿ ಸ್ವಂತ ಮನೆ, ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಇಷ್ಟೆಲ್ಲದರಲ್ಲಿ ಪಾಸಾದವನು ತಲೆಯಲ್ಲಿ ನಪಾಸಾಗಿದ್ದೆ. "ಹುಡುಗ ಚಲೋ ಅದಾನ್ರಿ, ಆದ್ರ ಯಾವಾಗ ನೋಡಿದ್ರೂ ಈಗಷ್ಟ ಹಾಸಿಗಿ ಬಿಟ್ಟ ಎದ್ದಂಗ ಕಾಣತಾನ" ಎಂದು ಎರಡನೆಯ ಮನೆಯವರು ಬಹಳ ಗೌರವದಿಂದ ಹೇಳಿ ಕಳಿಸಿದ್ದರು.

ಮೂಡಲಗಿಯಲ್ಲಿರುವ ನನ್ನ ಅಕ್ಕ ಮೂರನೆಯ ಸಂಬಂಧ ಹುಡುಕಿ ಫೋನು ಮಾಡಿದಳು. "ಹತ್ತರಗಿ ಕನ್ಯಾ. ಹುಡಿಗಿ ಘಟಪ್ರಭಾದಾಗ ನರ್ಸ್ ಅದಾಳ, ಶಾಣ್ಯಾ ಅದಾಳ. ಆ ತಲಿಗೆ ಏನರ ಮಾಡ್ಕೋ. ಇದೂ ತಪ್ಪಿದ್ರ ನಾ ಇನ್ನ ಕನ್ಯಾ ಹುಡುಕಂಗಿಲ್ಲ ನೋಡು. ನಿನಗ ಪರಿಚಯ ಇರೂ ದನದ ಪ್ಯಾಟ್ಯಾಗ ನೀನ ನೋಡ್ಕೋ."

ಅಕ್ಕ ಆಡಿದ ಮಾತನ್ನು ನಡೆಸುವವಳು. ಮರುದಿನವೇ ಘಟಪ್ರಭಾದ ಒಂದು ಅಂಗಡಿಗೆ ಹೋದೆ. ಬಳೆ, ಟಿಕಳಿ, ಪೌಡರುಗಳ ನಡುವೆ ಗಂಡಸರ ಸೌಂದರ್ಯಕ್ಕೂ ಅಲ್ಲೊಂದು ಮೂಲೆ ಕೊಟ್ಟಿದ್ದರು. ಕೂದಲು ಕೂರಿಸುವ ಏನಾದರೂ ಕೊಡಿ ಎಂದೆ. ಅಂಗಡಿಯವನು ನನ್ನ ತಲೆಯನ್ನೊಮ್ಮೆ ನೋಡಿ, "ಪೊಮೇಡ್ ಒಯ್ರಿ ಡಾಕ್ಟ್ರ. ಮಿಂಚೂದ ಬೇಕೋ ಮಿಂಚದಿದ್ದದ್ದ ಬೇಕೋ? ನೀರಾಗ ಕರಗೂದ ಬೇಕೋ, ಎಣ್ಣಿ-ಮೇಣದ್ದ ಬೇಕೋ? ಹೋಲ್ಡ್ ಎಷ್ಟ ಇರಬೇಕ್ರಿ?" ಎಂದ. ನನಗೆ ಗೊತ್ತಿದ್ದ ಹೋಲ್ಡು ಮೂಗುದಾರದ್ದು ಮಾತ್ರ. ಆದರೂ ಕಲಿತವನಲ್ಲವೇ, ಗಂಭೀರವಾಗಿ ಯೋಚಿಸಿದೆ. ನೀರಿನಲ್ಲಿ ಕರಗುವುದು ಬೆವರಿನಲ್ಲಿಯೂ ಕರಗೀತು. ಹೀಗೆ ಶುದ್ಧ ವೈಜ್ಞಾನಿಕ ತರ್ಕದಿಂದ, ಅಂಗಡಿಯಲ್ಲಿದ್ದವುಗಳಲ್ಲೇ ಅತ್ಯಂತ ಗಟ್ಟಿಯಾದ, ಅತ್ಯಂತ ಮಿಂಚುವ ಮೇಣದ ಡಬ್ಬಿಯನ್ನು ಆರಿಸಿದೆ. ಮುಚ್ಚಳದ ಮೇಲೆ ಒಬ್ಬ ಗಡ್ಡದವನು ಗಾಳಿಗೆ ಮುಖವೊಡ್ಡಿ ದೂರದ ಬೆಟ್ಟ ನೋಡುತ್ತಿದ್ದ. ಅವನು ಒಮ್ಮೆಯೂ ಘಟಪ್ರಭಾದಲ್ಲಿ ಬಸ್ಸಿಗೆ ಕಾದವನಲ್ಲ ಎಂಬುದು ಮುಖದಲ್ಲೇ ತಿಳಿಯುತ್ತಿತ್ತು.

ಬೆರಳ ತುದಿಯಷ್ಟು ತೆಗೆದುಕೊಂಡು, ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿ, ಒಣ ಕೂದಲಿಗೆ ಹಚ್ಚಬೇಕೆಂದು ಡಬ್ಬಿಯ ಕೆಳಗೆ ಇರುವೆಗಳು ಓದುವ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ಕನ್ಯೆ ನೋಡಲು ಹೊರಟ ದಿನ ನಾನು ಸ್ನಾನ ಮಾಡಿ, ಹಸಿ ತಲೆಗೆ, ರೊಟ್ಟಿಗೆ ಬೆಣ್ಣೆ ಹಾಕುವ ಲೆಕ್ಕದಲ್ಲಿ ಬಳಿದೆ. ಬಾಚಣಿಗೆಯ ನಾಲ್ಕು ಹಲ್ಲು ಅಲ್ಲೇ ಉಳಿದವು. ಆದರೆ ಕೂದಲು ಮಲಗಿತು! ಹುಟ್ಟಿದಾಗಿನಿಂದ ನಿಂತೇ ಇದ್ದ ಕೂದಲು ಪಾಲಿಶ್ ಮಾಡಿದ ಬೂಟಿನಂತೆ ಹೊಳೆಯುತ್ತ ಮಲಗಿತು. ಜೊತೆಗೆ ಬರಲೆಂದು ಮೂಡಲಗಿಯಿಂದ ಬಂದಿದ್ದ ಅಕ್ಕ ನೋಡಿ, "ಈಗ ಮನಷ್ಯಾನಂಗ ಕಾಣಾಕತ್ತಿ" ಎಂದಳು. ಅವಳ ಬಾಯಿಂದ ಬಂದ ಹೊಗಳಿಕೆಗಳಲ್ಲಿ ಇದೇ ದೊಡ್ಡದು.

ಅಕ್ಕನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹತ್ತರಗಿ ಮುಟ್ಟಿ ಹೆಲ್ಮೆಟ್ಟು ತೆಗೆದರೆ, ಕೂದಲು ಅದರ ಒಳಗಿನ ಗೆರೆಗಳನ್ನೆಲ್ಲ ಅಚ್ಚೊತ್ತಿಕೊಂಡು ಹೊರಬಂತು. ಅವರ ಅಂಗಳದ ನಳದಲ್ಲಿ ಕೈಕಾಲು ತೊಳೆಯುವ ನೆಪದಲ್ಲಿ ತಲೆಗಷ್ಟು ನೀರು ಹಾಕಿದೆ. ನೀರು ಕೆಸುವಿನ ಎಲೆಯ ಮೇಲಿನಿಂದ ಜಾರುವಂತೆ ಜಾರಿ ಅಂಗಿಯೊಳಗೆ ಇಳಿಯಿತು. ತಲೆ ಒದ್ದೆಯೇ ಆಗಲಿಲ್ಲ.

ಒಳಗೆ ಅವಲಕ್ಕಿ ಬಂತು, ಚಹಾ ಬಂತು, ಚಹಾದ ಹಿಂದೆ ಹುಡುಗಿಯೂ ಬಂದಳು. ನಾನು ಸ್ಟೀಲಿನ ಲೋಟ ಎತ್ತಿ ಹಿಡಿದು, ಅದರ ಹೊಟ್ಟೆಯಲ್ಲಿ ನನ್ನ ತಲೆಯ ಪ್ರತಿಬಿಂಬ ನೋಡುತ್ತಿದ್ದೆ. ಹುಡುಗಿಯ ತಂದೆ ಮಾತ್ರ ನನ್ನ ತಲೆಯಿಂದ ಕಣ್ಣು ಕೀಳಲಿಲ್ಲ. ಎದ್ದು ಫ್ಯಾನು ಜೋರು ಮಾಡಿದರು. ಗೋಡೆಯ ಮೇಲಿನ ಕ್ಯಾಲೆಂಡರು ಹಾರಾಡಿತು, ಅಕ್ಕನ ಸೆರಗು ಹಾರಾಡಿತು, ನನ್ನ ಒಂದು ಕೂದಲೂ ಅಲುಗಲಿಲ್ಲ. ತಂದೆಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಸಂಬಂಧ ಜಾರುವ ಸದ್ದು ನನಗೆ ಚೆನ್ನಾಗಿ ಪರಿಚಿತ. ಅದು ಕೇಳಿಸತೊಡಗಿತು.

ಕೊನೆಗೆ ಅವರು ಗಂಟಲು ಸರಿಮಾಡಿಕೊಂಡು, "ಡಾಕ್ಟ್ರ, ಹೆಂಗೂ ಬಂದೀರಿ, ನಮ್ಮ ಎಮ್ಮಿ ಎರಡ ದಿನದಿಂದ ಕಾಲ ಎಳ್ಯಾಕತ್ತೈತಿ. ಒಂಚೂರ ನೋಡ್ರೆಲಾ" ಎಂದರು. ದನದ ಡಾಕ್ಟರು ಮದುವಣಿಗನಾಗಿ ಮಂಟಪದಲ್ಲಿ ಕೂತಿದ್ದರೂ ಈ ಮಾತು ತಪ್ಪದು ಎಂದು ನನಗೆ ಗೊತ್ತು. ಹಿತ್ತಿಲಿಗೆ ಹೋಗಿ, ಎಮ್ಮೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಗೊರಸು ಎತ್ತಿದೆ. ಸಂದಿನಲ್ಲಿ ಒಂದು ಹರಳು ಸಿಕ್ಕಿತ್ತು. ಅದನ್ನು ಕೀಳುವಷ್ಟರಲ್ಲಿ ನನ್ನ ಕುತ್ತಿಗೆಯಿಂದ ಹಣೆಯವರೆಗೆ ಒಂದು ಬಿಸಿಯಾದ, ಒರಟಾದ ನಾಲಿಗೆ ಹಾಯಿತು. ಮೇಣದ ಸುವಾಸನೆ ಅದಕ್ಕೆ ಹಿಡಿಸಿತ್ತು. ಎರಡನೆಯ ಸಲ ನೆಕ್ಕಿ, ಮೂರನೆಯ ಸಲ ಒಂದು ಹಿಡಿ ಕೂದಲನ್ನು ಬಾಯಲ್ಲಿ ಹಿಡಿದು ಮೇವಿನ ಹಾಗೆ ಜಗ್ಗಿತು. ನಾನು ಕೂಗಿದೆ. ಅಕ್ಕ ಹಣೆ ಬಡಿದುಕೊಂಡಳು.

ಹುಡುಗಿಯ ತಂದೆ ಮಾತ್ರ ಕುಣಿಯುವಷ್ಟು ಖುಷಿಯಾದರು. "ಖರೆ ಕೂದಲ ಐತಿ! ಜಗ್ಗಿದ್ರೂ ಬರವೊಲ್ದು!" ಎಂದು ಒಳಗಿನವರಿಗೆ ಕೇಳುವಂತೆ ಸಾರಿದರು. ವಿಷಯ ಇಷ್ಟೇ: ನನಗಿಂತ ಮೊದಲು ಬಂದ ವರ ಟೋಪನ್ ಹಾಕಿಕೊಂಡು ಬಂದಿದ್ದನಂತೆ. ಇದೇ ಫ್ಯಾನಿನ ಗಾಳಿಗೆ ಅವನ ಕೃತಕ ಕೂದಲು ಎದ್ದು ಅವಲಕ್ಕಿ ತಟ್ಟೆಯಲ್ಲಿ ಬಿದ್ದಿತ್ತಂತೆ. "ನಿಮ್ಮದು ಅಲುಗಾಡ್ಲೇ ಇಲ್ರಿ. ಈ ಮನಷ್ಯಾ ಹುಷಾರ ಅದಾನ, ಅಂಟ ಹಚ್ಚಿ ಕುಂಡರ್ಸಿಕೊಂಡ ಬಂದಾನ ಅನ್ಕೊಂಡೆ. ತಪ್ಪ ತಿಳಿಬ್ಯಾಡ್ರಿ" ಎಂದು ನನ್ನ ಕೈ ಹಿಡಿದರು. ಅಂಟಿನ ಮಟ್ಟಿಗೆ ಅವರ ಊಹೆ ಸರಿಯಾಗಿಯೇ ಇತ್ತು. ನಾನು ತಿದ್ದಲು ಹೋಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ನಗು, ನಗುವಿನ ಬೆನ್ನಿಗೆ ಒಂದು ದನಿ ಕೇಳಿಸಿತು. "ಬರೇ ನೀರ ಹಾಕಿದ್ರ ಹೋಗಂಗಿಲ್ರಿ ಅದು. ಭಾಂಡೆ ತಿಕ್ಕೂ ಸಾಬೂನ ತಂದೇನಿ, ಬಗ್ಗ್ರಿ." ಹುಡುಗಿಯೇ ಬಂದಿದ್ದಳು. ನರ್ಸುಗಳು ಹೇಳಿದರೆ ಯಾರಾದರೂ ಬಗ್ಗುತ್ತಾರೆ. ನಾನು ಅಂಗಳದ ನಳದ ಹತ್ತಿರ ಹೋಗಿ ಬಗ್ಗಿದೆ. ಅವಳು ತಂಬಿಗೆಯಿಂದ ನೀರು ಹೊಯ್ದಳು, ನಾನು ತಿಕ್ಕಿದೆ. ನೊರೆ ಕಣ್ಣಿಗಿಳಿದು ಉರಿಯಿತು. ಕೂದಲು ಒಂದೊಂದಾಗಿ ಎದ್ದು ಹಳೆಯ ಜಾಗಗಳಲ್ಲಿ ನಿಂತಿತು. "ಹಿಂಗ ಚಲೋ ಕಾಣತಾವಲ್ರಿ, ಯಾಕ ಅದನ್ನ ಬಳ್ಕೊಂಡ ಬಂದಿದ್ರಿ?" ಎಂದಳು. ಕಣ್ಣು ಮುಚ್ಚಿಕೊಂಡೇ ನಾನು, "ತಪ್ಪಾತ್ರಿ" ಎಂದೆ. ಅವಳಿಗೆ ಅದು ವಿನಯದಂತೆ ಕಂಡಿತಂತೆ.

ಮರಳುವ ದಾರಿಯಲ್ಲಿ ಅಕ್ಕ, "ಹುಡಿಗಿ ಹೆಂಗ ಅನಿಸಿದ್ಲು?" ಎಂದು ಕೇಳಿದಳು. "ಚಲೋ ಅದಾಳ" ಎಂದೆ, ಬಹಳ ವಿಚಾರ ಮಾಡಿದವನ ದನಿಯಲ್ಲಿ. ನೋಡಿದ್ದರೆ ತಾನೇ ಹೇಳುವುದು? ಚಹಾದ ಹೊತ್ತಿಗೆ ಲೋಟದಲ್ಲಿ ನನ್ನನ್ನೇ ನೋಡಿಕೊಂಡಿದ್ದೆ. ಆಮೇಲೆ ಸಾಬೂನು ಏನನ್ನೂ ನೋಡಗೊಡಲಿಲ್ಲ.

ಮದುವೆಯಾಗಿ ಸುಖವಾಗಿದ್ದೇವೆ. ಒಮ್ಮೊಮ್ಮೆ ಊಟಕ್ಕೆ ಕೂತಾಗ ಅವಳು ಸುಮ್ಮನೆ ಕೇಳುತ್ತಾಳೆ. "ಅವತ್ತ ನಾ ಯಾವ ಬಣ್ಣದ್ದ ಉಟ್ಟಿದ್ದೆ, ಹೇಳ್ರಿ ನೋಡೋಣು?"

ಹೋದ ವಾರ ಧೈರ್ಯ ಮಾಡಿ, "ಹಸರ ಸೀರಿ" ಎಂದೆ.

"ಚೂಡಿದಾರ್ರಿ" ಎಂದು ಅವಳು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.